ಒಳಗೆ ಮಡಚಿಟ್ಟ ಎರಡು ಬೆರಳು ಬಟ್ಟೆ

ಅವರ ಎರಡೂ ಮಣಿಕಟ್ಟಿಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿರುತ್ತಿತ್ತು. ಮೊದಲ ಸಲ ನೋಡಿದವರು ಏನೋ ಗಾಯವಾಗಿರಬೇಕು ಅಂದುಕೊಳ್ಳುತ್ತಿದ್ದರು. ಗಾಯವಲ್ಲ, ಬೆವರು. ತಮಿಳುನಾಡಿನ ಚಿನ್ನಮನೂರಿನ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಕೂತು ತೊಡೆಯ ಮೇಲೆ ಉಣ್ಣೆ ಬಟ್ಟೆ ಹರವಿಕೊಂಡವರು ಅವರು. ಮೊಣಕೈಯಿಂದ ಇಳಿದ ಬೆವರು ಬೆರಳಿಗೆ ಬರಬಾರದು, ಬೆರಳಿನಿಂದ ಬಟ್ಟೆಗೆ ತಾಗಬಾರದು. ಗಂಟೆಗೊಮ್ಮೆ ಆ ಪಟ್ಟಿ ಬಿಚ್ಚಿ ಹಿಂಡಿ, ಕಿಟಕಿಯ ಸರಳಿಗೆ ಹಾಕಿ, ಒಣಗಿದ ಇನ್ನೊಂದು ಜೊತೆ ಕಟ್ಟಿಕೊಳ್ಳುತ್ತಿದ್ದರು. ಹೊಲಿಯುತ್ತಿದ್ದದ್ದು ಉಣ್ಣೆಯ ಪ್ಯಾಂಟು, ಉಟ್ಟಿದ್ದದ್ದು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ವೇಷ್ಟಿ. ತಾವು ಹೊಲಿದದ್ದನ್ನು ಜೀವಮಾನದಲ್ಲಿ ಒಮ್ಮೆಯೂ ಹಾಕಿ ನೋಡಿದವರಲ್ಲ.

ನಾವೆಲ್ಲ ಅವರನ್ನು ಟೈಲರ್ ಮಾಮ ಅನ್ನುತ್ತಿದ್ದೆವು, ಅವರು ನನ್ನನ್ನು ಮಾಪ್ಳೆ, ಅಂದರೆ ಅಳಿಯ, ಅನ್ನುತ್ತಿದ್ದರು. ಯಾವ ಸುತ್ತಿನಿಂದ ಮಾಮ ಎಂಬುದು ನನ್ನ ಅಜ್ಜಿಗೆ ಮಾತ್ರ ಗೊತ್ತಿತ್ತು. ಅವಳು ಹೇಳಲು ಶುರು ಮಾಡಿದರೆ ಮೂರು ಊರು, ಎರಡು ಮದುವೆ, ಒಂದು ಜಗಳ ದಾಟಬೇಕಿತ್ತು. ಹಾಗಾಗಿ ನಾನು ಅದನ್ನು ಪೂರ್ತಿ ಕೇಳಿದವನಲ್ಲ. ಅಂಗಡಿಗೆ ಬಂದವರ ಜೊತೆ ಮಾಮನದು ತಮಿಳು, ನಮ್ಮವರು ಬಂದರೆ ಮನೆಮಾತು ಕನ್ನಡ. ಅಳತೆಯನ್ನು ಮಾತ್ರ ಯಾರ ಕಾಲಾದರೂ ಕನ್ನಡದಲ್ಲೇ ಎಣಿಸಿ, ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದರು.

ಒಬ್ಬರನ್ನು ನೆನೆಯುವ ಇಂಥ ಬರಹವನ್ನು ಹೊಗಳಿಕೆಯಿಂದ ಶುರು ಮಾಡಬೇಕು. ಆದರೆ ಆ ಮನುಷ್ಯ ನೆನಪಾದರೆ ನನಗೆ ಮೊದಲು ಬರುವುದು ಸಿಟ್ಟೇ.

ಹನ್ನೆರಡು ವರ್ಷದ ಹಿಂದೆ ಮೇಘಮಲೆಯ ಒಂದು ಟೀ ತೋಟದಲ್ಲಿ ನನಗೆ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಕೆಳಗೆ ಕಣಿವೆಯಲ್ಲಿ ಬಾಳೆ ಎಲೆ ಬಾಡುವ ಬಿಸಿಲಿದ್ದರೆ ಮೇಲೆ ಮಂಜು, ಗಾಳಿ, ಜಿನುಗುಮಳೆ. ಹತ್ತಿಯ ಪ್ಯಾಂಟು ಒಮ್ಮೆ ನೆನೆದರೆ ಮೂರು ದಿನ ಒಣಗುತ್ತಿರಲಿಲ್ಲ. ನೈಲಾನಿನದು ಕಾಲಿಗೆ ಅಂಟಿಕೊಂಡು ತೊಡೆಯ ಚರ್ಮ ಕೆರೆದುಹಾಕುತ್ತಿತ್ತು. ಹೊದಿಕೆಯೊಳಗೆ ಮಲಗಿದರೂ ಮಂಡಿ ಬೆಚ್ಚಗಾಗುತ್ತಿರಲಿಲ್ಲ. ಹೀಗೇ ಆದರೆ ಕೆಲಸ ಬಿಟ್ಟು ಇಳಿಯುವುದೇ ಸರಿ ಎಂದು ನಾನು ಯೋಚಿಸುತ್ತಿದ್ದಾಗ ತೋಟದ ಹಿರಿಯರೊಬ್ಬರು ತಮ್ಮ ಕಾಲು ತೋರಿಸಿದರು. ಇಪ್ಪತ್ತು ವರ್ಷ ಹಳೆಯ ಬೂದು ಉಣ್ಣೆ ಪ್ಯಾಂಟು. ಮಂಡಿಯ ಹತ್ತಿರ ಕೂಡ ನೂಲು ಎದ್ದಿರಲಿಲ್ಲ. ಹೊಲಿದವರು ಯಾರೆಂದು ಕೇಳಿದರೆ ನಮ್ಮ ಟೈಲರ್ ಮಾಮನೇ.

ಒಂದೇ ಒಂದು ಮಾಡಿಸೋಣ, ಆದರೆ ಬಾಳಿಕೆ ಬರುವಂಥದ್ದು ಎಂದು ನಿರ್ಧರಿಸಿ ದಿಂಡಿಗಲ್ಲಿಗೆ ಹೋಗಿ, ತಿಂಗಳ ಸಂಬಳದ ಮುಕ್ಕಾಲು ಪಾಲು ಸುರಿದು ಬಟ್ಟೆ ತಂದೆ. ಮಾಮ ಅದನ್ನು ಮೂಸಿದರು. ಅಂಚಿನಿಂದ ಒಂದು ಎಳೆ ಎಳೆದು ಬೆಂಕಿಕಡ್ಡಿ ಗೀರಿದರು. ಎಳೆ ಕರಗಿ ಕಪ್ಪು ಮಣಿಯಾಯಿತು.

"ಕೂದ್ಲು ಸುಟ್ಟ ನಾತ ಬರ್ಬೇಕು, ಮಾಪ್ಳೆ. ಇದ್ರಲ್ಲಿ ಪ್ಲಾಸ್ಟಿಕ್ಕೇ ಜಾಸ್ತಿ. ಕುರಿ ಬರೀ ಇಣ್ಕಿ ನೋಡಿ ಹೋಗೈತೆ."

"ಪರವಾಗಿಲ್ಲ ಮಾಮ, ಹೊಲ್ದು ಕೊಡಿ."

"ನಿಂಗೆ ಪರವಾಗಿಲ್ಲ. ನನ್ ಕತ್ರಿಗೆ ಆಗಲ್ಲ."

ಮತ್ತೆ ದಿಂಡಿಗಲ್. ಅಂಗಡಿಯವನ ಜೊತೆ ಜಗಳ. ಬೂದು ಬಣ್ಣದ ಇನ್ನೊಂದು ಬಟ್ಟೆ. ಈ ಸಲದ ಎಳೆ ಸರಿಯಾಗಿ ನಾತ ಹೊಡೆದು ಬೂದಿಯಾಯಿತು. ಇನ್ನು ಮುಗಿಯಿತು ಅಂದುಕೊಂಡೆ. ಮುಗಿಯುವುದೆಲ್ಲಿ ಬಂತು. ಬಟ್ಟೆಯನ್ನು ನೆನೆಸಬೇಕು, ಹಿಂಡದೆ ನೆರಳಲ್ಲಿ ಒಣಗಿಸಬೇಕು, ಒಣಗಿದ ಮೇಲೆ ಹತ್ತು ದಿನ ಸುಮ್ಮನೆ ಬಿಡಬೇಕು. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ ಎಂದು. ಆಮೇಲೆ ಅಳತೆ. ಅದೂ ನೆಟ್ಟಗೆ ನಿಲ್ಲಿಸಿಕೊಂಡಲ್ಲ. ಒಂದು ಕಾಲು ಮುಕ್ಕಾಲಿಯ ಮೇಲೆ ಇಡಿಸಿ, ಕುಕ್ಕರುಗಾಲಲ್ಲಿ ಕೂರಿಸಿ, ಎಬ್ಬಿಸಿ, ಕೊನೆಗೆ "ಕಾಲಿಗೆ ಅಟ್ಟೆ ಕಚ್ಕಂಡೈತೆ ಅನ್ಕೋ, ಬಗ್ಗಿ ಕಿತ್ತಾಕು ನೋಡಾನ" ಎಂದು ಇಲ್ಲದ ಜಿಗಣೆಯನ್ನು ಕೀಳಿಸಿದರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು.

ನನಗೆ ವಾರಕ್ಕೆ ಒಂದು ರಜೆ. ಬೆಟ್ಟದಿಂದ ಇಳಿಯುವ ಬಸ್ಸಿಗೆ ಅರ್ಧ ದಿನ, ಹತ್ತುವುದಕ್ಕೆ ಇನ್ನರ್ಧ. ಬಂದಾಗೆಲ್ಲ ಮಾಮ ಕಚ್ಚಾ ಹೊಲಿಗೆ ಹಾಕಿದ್ದನ್ನು ತೊಡಿಸಿ, ಸುತ್ತ ಒಂದು ಪ್ರದಕ್ಷಿಣೆ ಬಂದು, ಸೀಮೆಸುಣ್ಣದಲ್ಲಿ ಗೀಟೆಳೆದು, ಮತ್ತೊಂದು ಸಲ ಬರಲು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಇನ್ನೊಂದ್ ತಡವೆ ಬಾ."

ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತುತ್ತಿದ್ದದ್ದು ಅವರ ಹೆಂಡತಿ, ನಮ್ಮ ಅತ್ತೆ.

"ನನ್ನ ಕಟ್ಕಳಾಕೂ ಮೂರ್ ತಡವೆ ಬಂದ್ ನೋಡವ್ರೆ ಮಾಪ್ಳೆ" ಅನ್ನುತ್ತಿದ್ದರು ಅತ್ತೆ. "ನಾಲ್ಕ್ನೇ ತಡವೆ ನಮ್ಮಪ್ಪನೇ ಬಾಗ್ಲಾಕ್ಬಿಟ್ಟು, ತಾರೀಕ್ ಹೇಳ್ದ್ರೆ ತೆಗೀತೀನಿ ಅಂದ್ರು."

ಮಳೆಗಾಲ ಅರ್ಧ ಕಳೆದ ಮೇಲೆ ಪ್ಯಾಂಟು ಕೈಗೆ ಬಂತು. ಹಾಕಿಕೊಂಡು ಬೆಟ್ಟ ಹತ್ತಿದ ದಿನ ನನ್ನ ಮಂಡಿಗೆ ಚಳಿ ತಾಗಲಿಲ್ಲ. ನೆನೆದರೂ ಬೆಚ್ಚಗೇ ಇತ್ತು. ಅದನ್ನು ಒಪ್ಪಿಕೊಳ್ಳಲೇಬೇಕು. ಜೊತೆಗೆ ಮಿಕ್ಕಿದ ತುಂಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಅದು ಅವರ ಅಂಗಡಿಯ ರೂಢಿ. ಗಿರಾಕಿಯ ತುಂಡನ್ನು ಇಟ್ಟುಕೊಳ್ಳುತ್ತಿರಲಿಲ್ಲ. "ಬೀರೂನಲ್ಲಿ ಮಡ್ಗು. ಬೇಕಾಯ್ತದೆ" ಅಂದಿದ್ದರು. ನಾನು ಅದನ್ನು ಮನೆಯಲ್ಲಿ ಎಲ್ಲೋ ಎಸೆದೆ.

ಆದರೆ ಪ್ಯಾಂಟನ್ನು ಒಳಮೈ ತಿರುಗಿಸಿ ನೋಡಿದರೆ ಹಿಂಬದಿಯ ಹೊಲಿಗೆಯ ಎರಡೂ ಪಕ್ಕ ಎರಡೆರಡು ಬೆರಳಗಲ ಬಟ್ಟೆ ಮಡಚಿ ಬಿಟ್ಟಿದ್ದರು. ಪಾದದ ಹತ್ತಿರ ನಾಲ್ಕು ಬೆರಳು. ಕೂತರೆ ಸೊಂಟದ ಹಿಂದೆ ದಪ್ಪಗೆ ಒತ್ತುತ್ತಿತ್ತು. ಎಲ್ಲರೂ ಕಾಲಿಗೆ ಮೆತ್ತಿದಂಥ ಪ್ಯಾಂಟು ಹಾಕುತ್ತಿದ್ದ ಕಾಲ ಅದು. ಪೆರಿಯಕುಳದಲ್ಲಿ ಒಂದು ಮದುವೆ ಇತ್ತು, ನಾನೂ ಮಾಪ್ಳೆಯ, ಅಂದರೆ ಮದುಮಗನ ವಯಸ್ಸಿನವನು. ತೇನಿ ಬಸ್ ನಿಲ್ದಾಣದ ಹಿಂದಿನ ಒಂದು ಅಂಗಡಿಯಲ್ಲಿ ಅರ್ಧ ಗಂಟೆಗೆ ಎಲ್ಲ ಸರಿ ಮಾಡಿಕೊಡುತ್ತಾರೆ ಎಂದು ಕೇಳಿ ಅಲ್ಲಿಗೆ ಹೋದೆ. ಅವನು ಒಳಗಿನ ಬಟ್ಟೆಯನ್ನೆಲ್ಲ ಕತ್ತರಿಸಿ, ಅಂಚಿನ ನೂಲು ಏಳದಂತೆ ಮೆಷಿನ್ನಿನಲ್ಲಿ ಓವರ್‌ಲಾಕ್ ಹೊಲಿಗೆ ಹಾಕಿ, ಇಪ್ಪತ್ತೇ ನಿಮಿಷಕ್ಕೆ ಕೊಟ್ಟ. ನಾಲ್ಕು ತಿಂಗಳು ಕಾಯಿಸಿದ ಮನುಷ್ಯನ ಮೇಲೆ ಸೇಡು ತೀರಿಸಿಕೊಂಡ ಖುಷಿ ನನಗೆ.

ಆ ಪ್ಯಾಂಟು ಎಂಟು ವರ್ಷ ನಡೆಯಿತು. ಬಟ್ಟೆ ಹಾಗೇ ಇತ್ತು, ನಾನು ಹಾಗಿರಲಿಲ್ಲ. ಇಳಿಜಾರು ಹತ್ತಿಳಿಯುವ ಕೆಲಸ ಬಿಟ್ಟು ತೋಟದ ಕಾರ್ಖಾನೆಯೊಳಗೆ ಕೂರುವ ಕೆಲಸ ಬಂದಿತ್ತು. ಸೊಂಟದ ಗುಂಡಿ ಕಾಜ ಮುಟ್ಟುತ್ತಿರಲಿಲ್ಲ. ಬೇರೆ ಬಟ್ಟೆ ಕೊಳ್ಳೋಣವೆಂದರೆ ದಿಂಡಿಗಲ್ಲಿನ ಆ ಅಂಗಡಿಯಲ್ಲಿ ಈಗ ಬರೀ ರೆಡಿಮೇಡ್. ಮಾಮ ಗಮನಿಸುವುದಿಲ್ಲವೇನೋ ಎಂಬ ಪೆದ್ದು ಆಸೆಯಿಂದ ಅವರಲ್ಲಿಗೇ ಹೋದೆ.

ಅವರು ನನ್ನ ಮುಖ ನೋಡುವ ಮೊದಲು ಪ್ಯಾಂಟನ್ನು ಒಳಮೈ ತಿರುಗಿಸಿದರು. ಆಗಲೇ ಅವರ ಕಣ್ಣು ಮಂಜಾಗಿತ್ತು. ಬೆರಳಿನಿಂದ ಹೊಲಿಗೆಯುದ್ದಕ್ಕೂ ತಡವುತ್ತಾ ಹೋಗಿ ಸೊಂಟದ ಹಿಂದೆ ನಿಂತರು.

"ಯಾರ್ ಕುಯ್ದಿದ್ದು?"

"ಇಲಿ ಕಡ್ದುಬಿಡ್ತು, ಮಾಮ."

ಅವರು ಇನ್ನೊಮ್ಮೆ ತಡವಿದರು. "ಓಹೋ. ಕಡ್ದು, ಆಮೇಲ್ ಓವರ್‌ಲಾಕೂ ಹಾಕೈತೆ."

ಒಳಗಿದ್ದ ಅತ್ತೆ ಜೋರಾಗಿ ನಕ್ಕರು. ಮಾಮ ನಗಲಿಲ್ಲ. ಮಣಿಕಟ್ಟಿನ ಪಟ್ಟಿ ಬಿಚ್ಚಿ ಹಿಂಡುತ್ತಾ ಮೆಲ್ಲಗೆ ಅಂದರು:

"ಅದು ಆವತ್ತಿನ ನಿಂಗೆ ಬಿಟ್ಟಿದ್ದಲ್ಲ, ಮಾಪ್ಳೆ. ಇವತ್ತ್ ಬಂದು ನಿಂತವ್ನಲ್ಲ, ಇವ್ನಿಗೆ ಬಿಟ್ಟಿದ್ದು. ಇವ್ನ್‌ದು ನೀನ್ ಯಾಕ್ ಕುಯ್ದೆ?"

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

"ಮಿಕ್ಕಿದ್ ತುಂಡು ಕೊಟ್ಟಿದ್ನಲ್ಲ, ತತ್ತಾ" ಅಂದರು.

ಮನೆಗೆ ಹೋಗಿ ಬೀರು, ಅಟ್ಟ, ಪೆಟ್ಟಿಗೆ ಎಲ್ಲ ಕೆದಕಿದೆ. ಸಿಗಲಿಲ್ಲ. ಹುಡುಕಿ ಹುಡುಕಿ ತಲೆ ಕೆಟ್ಟು ಜಗುಲಿಗೆ ಬಂದು ಕೂತರೆ, ಪಕ್ಕದಲ್ಲೇ ಅಜ್ಜಿ. ಅವಳ ಊರುಗೋಲಿನ ಹಿಡಿಗೆ ಸುತ್ತಿದ್ದದ್ದು ಅದೇ ಬೂದು ಬಟ್ಟೆ.

"ಅಜ್ಜಿ, ಅದು ನನ್ ಪ್ಯಾಂಟ್ ತುಣಿ."

"ಏಳ್ ವರ್ಸ್‌ದಿಂದ ನನ್ ಕೈಯಾಗೈತೆ, ಈಗ್ ನಿಂದಾಯ್ತಾ?" ಅಂದಳು. ವಿಷಯ ಪೂರ್ತಿ ಕೇಳಿದ ಮೇಲೆ ಕೋಲನ್ನು ಮಡಿಲಲ್ಲಿಟ್ಟುಕೊಂಡು ಗಂಟು ಬಿಚ್ಚಿದಳು. "ತಗೋ ನನ್ ರಾಸಾ. ಅವ್ನು ಮಡ್ಗು ಅಂದ್ರೆ ಮಡ್ಗ್‌ಬೇಕು. ಚಿಕ್ಕೋನಿದ್ದಾಗ್ಲಿಂದ ಅವ್ನು ಅಂಗೇ."

ತುಂಡು ನೋಡಿ ಮಾಮ ಮುಖ ಸಿಂಡರಿಸಿದರು. ಅರ್ಧ ಸವೆದಿತ್ತು, ಅಜ್ಜಿಯ ಅಂಗೈ ಉಜ್ಜಿದ ಕಡೆ ಬಣ್ಣ ಹೋಗಿತ್ತು. "ಇದ್ರಲ್ಲಿ ಏನ್ ಬರ್ತದೆ" ಎಂದು ಗೊಣಗಿ, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಮತ್ತೆ ಗೊಣಗಿ, "ಮುಂದಿನ್ ವಾರ ಬಾ" ಅಂದರು. ಮುಂದಿನ ವಾರ ಹೋದರೆ ಇನ್ನೊಂದು ತಡವೆ. ಅದರ ಮುಂದಿನ ವಾರವೂ ಅದೇ. ಅಂಗೈಯಷ್ಟು ತೇಪೆ ಹಾಕಲು ಮೂರು ವಾರವೇ ಎಂದು ನಾನು ಅಂಗಡಿಯಲ್ಲೇ ಕೂಗಾಡಿದೆ. ಅವರು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ ಅತ್ತೆ ನನ್ನನ್ನೊಮ್ಮೆ ನೋಡಿ ಇನ್ನೊಂದು ಸೂಜಿ ಎತ್ತಿಕೊಂಡರು. ಕೊನೆಗೆ ಸೊಂಟದ ಹಿಂದೆ ಒಂದು ಮುಕ್ಕೋಣದ ತುಂಡು ಕೂರಿಸಿ ಕೊಟ್ಟರು. ಗುಂಡಿ ಸರಾಗವಾಗಿ ಬಿತ್ತು. ನಾನು ಸರಿಯಾಗಿ ಒಂದು ಒಳ್ಳೆಯ ಮಾತನ್ನೂ ಹೇಳದೆ ಬಸ್ಸಿಗೆ ಓಡಿದೆ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಟೈಲರ್ ಮಾಮ ತೀರಿಕೊಂಡರು. ಅತ್ತೆ ಫೋನು ಮಾಡಿದಾಗ ನಾನು ಮೇಲಿದ್ದೆ. ಬಟ್ಟೆ ಬದಲಿಸದೆ ಸಿಕ್ಕ ಜೀಪು ಹತ್ತಿ ಇಳಿದೆ. ಬೆಂಕಿಯಂಥ ಬಿಸಿಲಲ್ಲಿ ಉಣ್ಣೆ ಪ್ಯಾಂಟು ಹಾಕಿ ನಿಂತವನನ್ನು ಬಂದವರೆಲ್ಲ ವಿಚಿತ್ರವಾಗಿ ನೋಡಿದರು. ಅತ್ತೆ ಮಾತ್ರ ಹತ್ತಿರ ಬಂದು, ಅಷ್ಟು ಅಳುವಿನ ನಡುವೆಯೂ ನನ್ನನ್ನು ಹಿಡಿದು ತಿರುಗಿಸಿ, ಸೊಂಟದ ಹಿಂದೆ ಹೊಲಿಗೆ ಹೇಗಿದೆ ಎಂದು ಕೈಯಾಡಿಸಿ ನೋಡಿದರು.

ಈಗ ಮತ್ತೆ ಗುಂಡಿ ಕಾಜ ಮುಟ್ಟುತ್ತಿಲ್ಲ. ಈ ಚಳಿಗಾಲ ತೇನಿಯಲ್ಲಿ ಮೂರು ಅಂಗಡಿ, ಆಂಡಿಪಟ್ಟಿಯಲ್ಲಿ ಒಂದು ಅಂಗಡಿ ಸುತ್ತಿದೆ. ಒಬ್ಬನೂ ಒಳಮೈ ತಿರುಗಿಸಿ ನೋಡಲಿಲ್ಲ. ಹೊಸದು ತಗೊಳ್ಳಿ ಸಾರ್, ಈಗೆಲ್ಲ ಎಳೆದರೆ ಹಿಗ್ಗುವ ಬಟ್ಟೆ ಬಂದಿದೆ ಎಂದು ನಾಲ್ವರೂ ಹೇಳಿದರು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಮನೆಗೆ ಬಂದು, ಏನಾದರಾಗಲಿ ಎಂದು ಬ್ಲೇಡು ತೆಗೆದುಕೊಂಡು ನಾನೇ ಆ ಮುಕ್ಕೋಣದ ಒಂದು ಅಂಚು ಬಿಚ್ಚಿದೆ.

ಒಳಗೆ ಬಟ್ಟೆ ಇತ್ತು. ಅಜ್ಜಿಯ ಕೋಲಿಗೆ ಸುತ್ತಿ ಸವೆದ, ಏನೂ ಬರುವುದಿಲ್ಲ ಎಂದಿದ್ದ ಆ ತುಂಡಿನ ಚೂರುಗಳನ್ನು ಹೊಲಿಗೆ ಕಾಣದಂತೆ ಒಂದಕ್ಕೊಂದು ಸೇರಿಸಿ, ಎರಡೂ ಪಕ್ಕ ಒಂದೊಂದು ಬೆರಳಗಲ ಮಡಚಿ ಬಿಟ್ಟಿದ್ದರು. ಮೂರು ವಾರ ಅವರು ಮಾಡಿದ್ದು ಅದನ್ನೇ. ಆ ಮಂಜುಗಣ್ಣಿನಲ್ಲಿ. ನಾನು ಎದುರಿಗೆ ನಿಂತು ಕೂಗಾಡುತ್ತಿದ್ದಾಗ.

ಬ್ಲೇಡು ಕೆಳಗಿಟ್ಟೆ. ಒಂದು ಹಳೆಯ ವೇಷ್ಟಿ ಹರಿದು ಎರಡೂ ಮಣಿಕಟ್ಟಿಗೆ ಕಟ್ಟಿಕೊಂಡೆ. ಆಮೇಲೆ ಕೂತು ಸೂಜಿಯ ಮೊನೆಯಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿ, ಪಕ್ಕಕ್ಕೆ ಅರ್ಧ ಬೆರಳಿನಷ್ಟು ಮಾತ್ರ ಬಿಟ್ಟುಕೊಟ್ಟು, ಉಳಿದರ್ಧವನ್ನು ಹಾಗೇ ಮಡಚಿಟ್ಟು ಕೈಯಲ್ಲೇ ಹೊಲಿದೆ. ಎರಡು ದಿನ ಹಿಡಿಯಿತು. ಗುಂಡಿ ಬಿತ್ತು. ಹೊಲಿಗೆ ಮಾತ್ರ ಸೊಟ್ಟಗೆ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮಾಮ ಇದ್ದಿದ್ದರೆ ಬೆರಳಾಡಿಸಿ ನೋಡಿ, ಇದೂ ಆ ಇಲಿದೇ ಕೆಲ್ಸವಾ ಮಾಪ್ಳೆ ಎಂದು ಕೇಳುತ್ತಿದ್ದರು.