ಬ್ಲೇಮ್‌ನಲ್ಲಿ ಅಳಿಸಿಹೋದ ಹೆಸರು

ಕೋವಿಡ್ ಮುಗಿದು ಆಫೀಸುಗಳು ಮತ್ತೆ ತುಂಬಿದ ವರ್ಷ ನಾನು ಜೆ.ಪಿ. ನಗರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಿನ್ಸಿಪಲ್ ಎಂಜಿನಿಯರ್ ಆಗಿದ್ದೆ. ನಮ್ಮ ಕೋಡ್ ಎಲ್ಲವೂ ರೆಪಾಸಿಟರಿ ಎಂಬ ಒಂದೇ ಭಂಡಾರದಲ್ಲಿತ್ತು. ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬ ಹದಿನಾಲ್ಕು ವರ್ಷಗಳ ಚರಿತ್ರೆಯೂ ಅದರೊಳಗೇ ಇತ್ತು. ಅದರ ಪ್ರತಿಯನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಎರಡು ಗಂಟೆ ಬೇಕಾಗುತ್ತಿತ್ತು. ಜನ ಕಮಾಂಡ್ ಕೊಟ್ಟು ಕಾಫಿಗೆ ಹೋಗಿಬಿಡುತ್ತಿದ್ದರು. ಒಂದು ತಿಂಗಳಲ್ಲಿ ಇದನ್ನು ಸರಿಪಡಿಸುವ ಹೊಣೆ ನನ್ನ ತಲೆಗೆ ಬಂತು.

ನಾನು ಮೊದಲಿನಿಂದಲೂ ದುಡುಕಿನವಳು. ಚರಿತ್ರೆ ಕತ್ತರಿಸಿ, ಇವತ್ತಿನ ಕೋಡನ್ನಷ್ಟೇ ಹೊಸ ರೆಪಾಸಿಟರಿಗೆ ಹಾಕುವುದೆಂದು ತೀರ್ಮಾನಿಸಿದೆ. ಬೇಡವೆಂದವರು ಮುನಿರಾಜು ಒಬ್ಬರೇ. ಜರಗನಹಳ್ಳಿಯವರು, ಹನ್ನೊಂದು ವರ್ಷದಿಂದ ಸರ್ಚ್ ವಿಭಾಗದ ಕೋಡ್ ಬರೆದವರು.

"ಹಳೇದು ಸರ್ವರ್‌ನಲ್ಲೇ ಇರ್ಲಿ ಮೇಡಂ. ಬೇಕಾದಷ್ಟು ಮಾತ್ರ ಇಳಿಸ್ಕೊಳ್ಳೋ ಥರ ಮಾಡೋಣ. ಎರಡು ವಾರ ಜಾಸ್ತಿ ಆಗುತ್ತೆ, ಅಷ್ಟೇ."

"ಹಳೇ ಕತೆ ಯಾರಿಗೆ ಬೇಕು ಮುನಿರಾಜು?" ಎಂದೆ.

ಎರಡು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯಿತು. ನನ್ನ ಹೆಸರು ಬರೆದ ಕೇಕ್ ಬಂತು. ಅದನ್ನು ಎಲ್ಲರಿಗೂ ಹಂಚಿದವರು ಮುನಿರಾಜು.

'ಬ್ಲೇಮ್' ಎಂಬ ಕಮಾಂಡ್ ಒಂದಿದೆ. ಪ್ರತಿ ಸಾಲಿನ ಪಕ್ಕ ಅದನ್ನು ಬರೆದವರ ಹೆಸರು ತೋರಿಸುತ್ತದೆ. ಹೊಸ ರೆಪಾಸಿಟರಿಗೆ ಕೋಡ್ ಹಾಕಿದವಳು ನಾನಾದ್ದರಿಂದ ಈಗ ಎಲ್ಲ ಸಾಲಿಗೂ ನನ್ನ ಹೆಸರೇ. ಅದನ್ನು ನೋಡಿ ನಕ್ಕು ಸುಮ್ಮನಾಗಿದ್ದೆ. ಮೂರು ತಿಂಗಳ ಬಳಿಕ ಕೆಲಸದಿಂದ ತೆಗೆಯುವವರ ಪಟ್ಟಿ ತಯಾರಾಯಿತು. ಮೇಲಿನವರು ಯಾರ ಸಾಲು ಎಷ್ಟೆಂದು ಬ್ಲೇಮ್‌ನಿಂದಲೇ ಎಣಿಸಿದ್ದರು. ಆ ಮೂರು ತಿಂಗಳೂ ಮುನಿರಾಜು ಹೊಸಬರಿಗೆ ಕೆಲಸ ಕಲಿಸುತ್ತಿದ್ದರು, ತಾವು ಹೊಸದಾಗಿ ಒಂದು ಸಾಲೂ ಬರೆದಿರಲಿಲ್ಲ. ಅವರ ಹೆಸರಿನ ಮುಂದೆ ಸೊನ್ನೆ ಇತ್ತು.

ಹಳೆಯ ಚರಿತ್ರೆಯಿದ್ದ ಬ್ಯಾಕಪ್ ಹಿಡಿದು ಮ್ಯಾನೇಜರ್ ಬಳಿ ಓಡಿದೆ. "ಲೆಟರ್ ಹೋಗಾಯ್ತು ಮೇಡಂ, ಈಗ ಏನೂ ಮಾಡಕ್ಕಾಗಲ್ಲ" ಎಂದರು.

ಲ್ಯಾಪ್‌ಟಾಪ್ ಒಪ್ಪಿಸಿ ಹೊರಟ ಮುನಿರಾಜು ನನ್ನ ಮೇಜಿನ ಬಳಿ ನಿಂತರು. "ಹನ್ನೊಂದು ವರ್ಷದಲ್ಲಿ ಒಂದ್ ಸಾಲೂ ನಂದಲ್ವಂತೆ ಮೇಡಂ" ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಅವರು ಹೇಳಿದಂತೆಯೇ ಮಾಡಿದೆ. ಹಳೆಯ ಚರಿತ್ರೆಯನ್ನು ಸರ್ವರ್‌ನಲ್ಲಿ ಮತ್ತೆ ಜೋಡಿಸಲು ಸರಿಯಾಗಿ ಎರಡು ವಾರ ಹಿಡಿಯಿತು. ಅವರು ಬರೆದ ಸಾಲುಸಾಲಿಗೂ ಅವರ ಹೆಸರು ಮರಳಿತು. ಫೋನ್ ಮಾಡಿ ಹೇಳಿದೆ. ಆ ಕಡೆ ಕನಕಪುರ ರಸ್ತೆಯ ಬಸ್ಸುಗಳ ಸದ್ದು.

"ಈಗ ಇಳಿಸ್ಕೊಳ್ಳೋಕೆ ಎಷ್ಟು ನಿಮಿಷ ಬಂತು ಮೇಡಂ?" ಎಂದಷ್ಟೇ ಕೇಳಿದರು.

"ನಾಲ್ಕೇ" ಎಂದೆ.

ಏನನ್ನೇ ವೇಗಗೊಳಿಸಲು ಹೊರಟರೂ ಇದರಲ್ಲಿ ಯಾರ ಹೆಸರು ಅಳಿಯುತ್ತದೆ ಎಂದು ಈಗ ಮೊದಲು ಕೇಳುತ್ತೇನೆ. ಆ ರೆಪಾಸಿಟರಿಯಲ್ಲಿ ಅವರವರ ಸಾಲು ಅವರವರಿಗೆ ಮರಳಿದೆ. ಮುನಿರಾಜು ಕೆಲಸ ಕಳೆದುಕೊಂಡರು ಎಂಬ ಸಾಲಿನ ಪಕ್ಕ ಮಾತ್ರ ನನ್ನ ಹೆಸರೇ ಇರಬೇಕು.