ಮೆಟ್ಟಿಲ ಕೆಳಗಿನ ಅಳತೆ

ನಮ್ಮ ಹೊಸ ಮನೆಯ ನಕ್ಷೆ ಕಾಗದಕ್ಕಿಂತ ಮೊದಲು ನೆಲದ ಮೇಲೆ ಬಂತು. ಬಿಳಿಗೆರೆಯ ಮೇಸ್ತ್ರಿ ಒಂದು ಬೆಳಿಗ್ಗೆ ತೋಟಕ್ಕೆ ಬಂದವನೇ ಸುಣ್ಣದ ಪುಡಿಯಲ್ಲಿ ಕೆಳಗಿನ ಅಂತಸ್ತಿನ ಗೋಡೆಗಳನ್ನೆಲ್ಲ ನಿಜವಾದ ಅಳತೆಗೇ ಗೆರೆ ಎಳೆದುಬಿಟ್ಟ. "ಒಳಗೆ ಓಡಾಡಿ ನೋಡ್ಕಳಿ. ಪಾಯ ಎದ್ದ ಮೇಲೆ ನನ್ನ ಬಯ್ಯಂಗಿಲ್ಲ ಕಣ್ರೀ" ಅಂದ. ನಾಲ್ಕು ತೆಂಗಿನ ಮರಗಳ ನಡುವೆ ಇದ್ದದ್ದೇ ಜಾಗ. ಫಲ ಬಿಡುವ ಮರಕ್ಕೆ ಕೊಡಲಿ ಹಾಕಲು ನನ್ನ ಗಂಡ ಸುತರಾಂ ಒಪ್ಪುವವರಲ್ಲ. ಹಾಗಾಗಿ ಗೋಡೆ ಆಚೆಗೆ ಒಂದಡಿಯೂ ಸರಿಯುವಂತಿರಲಿಲ್ಲ.

ನಾನು ಗೆರೆಗಳ ಮೇಲೆ ಎರಡು ಸುತ್ತು ನಡೆದೆ. ಹಾಲ್, ದೇವರ ಮನೆ, ಅಡುಗೆಮನೆ, ನೈರುತ್ಯಕ್ಕೆ ನಮ್ಮ ಕೋಣೆ, ಮೆಟ್ಟಿಲು, ಮತ್ತೆ ಎಲ್ಲಕ್ಕಿಂತ ದೊಡ್ಡದಾಗಿ ಕೊಬ್ಬರಿ ಕೋಣೆ. ಅಕ್ಕನ ಕೋಣೆ ಎಲ್ಲೂ ಇರಲಿಲ್ಲ.

ಅಕ್ಕ ಅಂದರೆ ನನ್ನ ಗಂಡನ ಅಕ್ಕ. ದಂಡಿನಶಿವರಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ವರ್ಷವೇ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ತಲೆ ಬಾಚಿದವಳು, ನನ್ನ ಎರಡೂ ಬಾಣಂತನದಲ್ಲಿ ನೀರು ಹಾಕಿದವಳು ಅವಳೇ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಅಂದಿನಿಂದ ವಾಕರ್ ಹಿಡಿದೇ ನಡಿಗೆ. ಮೆಟ್ಟಿಲು ಹತ್ತುವ ಮಾತೇ ಇಲ್ಲ. ಹಳೇ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದಳು. ಹಾಸಿಗೆಯ ಪಕ್ಕದಲ್ಲೇ ಕಮೋಡಿನ ಕುರ್ಚಿ, ಅದಕ್ಕೆ ಅಡ್ಡ ಒಂದು ಸೀರೆ. ಯಾರಾದರೂ ಬಂದರೆ ಗೋಡೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. "ಹೊಸ ಮನೇಲಿ ನಿಂಗೊಂದು ಕೋಣೆ ಗ್ಯಾರಂಟಿ ಕಣಕ್ಕ, ಬಾಗಿಲು ಚಿಲಕ ಎಲ್ಲಾ ಇರುತ್ತೆ" ಎಂದು ನಾನೇ ಅವಳ ಕೈ ಹಿಡಿದು ಹೇಳಿದ್ದೆ.

ಮೈಯೆಲ್ಲ ಉರಿದುಹೋಯಿತು ನನಗೆ. "ಕಾಯಿಗೆ ಕೆಳಗೆ ಅರಮನೆ ಕಟ್ಟಿ, ಮನುಷ್ಯರನ್ನ ಎಲ್ಲಿಗೆ ಹಾಕ್ತೀರಿ? ಕಾಯಿನ ಮೇಲಕ್ಕೆ ಹಾಕಿ" ಎಂದೆ.

ಗಂಡ ತಲೆ ಕೆರೆದುಕೊಂಡು ಅಕ್ಕನ ಕಡೆ ನೋಡಿದರು. ಅವಳು ಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾಯಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವಳ ಮಾತೇ ಕೊನೆ. ನಾವು ಕಾಯಿ ಒಡೆದು ಬಿಸಿಲಿಗೆ ಹಾಕುವವರಲ್ಲ. ಇಡೀ ಕಾಯನ್ನೇ ನೆರಳಲ್ಲಿ ವರ್ಷದ ಹತ್ತಿರ ಬಿಟ್ಟು, ಒಳಗೆ ನೀರು ಬತ್ತಿ ಉಂಡೆ ಕೊಬ್ಬರಿ ಆಗುವವರೆಗೆ ಕಾಯುವವರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ "ಇದಾಯ್ತು, ಇದಿನ್ನೂ ತಿಂಗಳು ಬೇಕು" ಎಂದು ಅವಳು ಬೇರೆ ಮಾಡಿದರೆ ಒಂದೂ ತಪ್ಪುತ್ತಿರಲಿಲ್ಲ. ಮುರಿದ ಸೊಂಟದಲ್ಲೂ ಆ ಕೆಲಸ ಬಿಟ್ಟಿರಲಿಲ್ಲ.

"ನೀನೇ ಹೇಳಕ್ಕ, ಮ್ಯಾಲೆ ಹಾಕಬೋದಾ?" ಎಂದರು ಗಂಡ.

ಹಾಕಬಹುದು ಎಂದು ಒಂದೇ ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನೋಡಿದಳು, ನೋಡಿಯೂ ತಲೆ ಆಡಿಸಿದಳು. "ಇಲ್ಲ ಕಣಪ್ಪ. ಹಳೇ ಮನೆ ಅಟ್ಟದ ಮೇಲೆ ಹೆಂಚಿತ್ತು, ಗಾಳಿ ಆಡ್ತಿತ್ತು. ಮೋಲ್ಡಿಂಗ್ ಕಾವಿಗೆ ಕಾಯಿ ಬಿರಿತವೆ. ಒಳಗಡೆ ಕೊಳೆತು ನಾರ್ತದೆ. ಕೆಳಗೇ ಇರಲಿ."

"ನಿಂಗೇನು ಗ್ರಾಚಾರನೇ ಅಕ್ಕ? ನಿನ್ನ ಕೋಣೆ ಕಣೇ ಅದು!" ಎಂದು ಕೂಗಿಬಿಟ್ಟೆ.

"ಕಾಯಿ ವಿಚಾರದಾಗೆ ಸುಳ್ಳು ಹೇಳಕ್ಕಾಗಲ್ಲ ಬುಡು" ಅಂದಳು.

ನಾವೇ ಮೇಲೆ ಮಲಗೋಣ ಎಂದೆ. ನೈರುತ್ಯದಲ್ಲಿ ಯಜಮಾನನೇ ಇರಬೇಕಂತೆ, ಶಾಸ್ತ್ರವಂತೆ. ಆ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ ಎಂದೆ. ಆಗ ಮೇಸ್ತ್ರಿ ಟೇಪು ಬಿಚ್ಚಿ ಅಡುಗೆಮನೆಯ ಗೆರೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. "ಅಮ್ಮಾ, ಇಲ್ಲಿ ಒಂದು ಮೂರಡಿ ಬುಟ್ಟುಕೊಡಿ. ಹಾಲ್‌ನಲ್ಲಿ ಒಂಚೂರು ಎಳ್ಕಂಡು ಮಂಚ, ಕಮೋಡು ಹಿಡಿಯೋ ಕೋಣೆ ಮಾಡ್ಕೊಡ್ತೀನಿ" ಎಂದ.

ಎಲ್ಲರೂ ನನ್ನ ಮುಖ ನೋಡಿದರು.

ಇಪ್ಪತ್ತೆರಡು ವರ್ಷ ನಾನು ಹಳೇ ಮನೆಯ ಕಿಟಕಿಯಿಲ್ಲದ ಗೂಡಿನಲ್ಲಿ ಹೊಗೆ ಕುಡಿದು ಬೇಯಿಸಿದ್ದೇನೆ. ತಿರುಗಿದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಹೊಸ ಅಡುಗೆಮನೆಯ ಉದ್ದಗಲವನ್ನು ನಾನು ಮನಸ್ಸಿನಲ್ಲಿ ಅದೆಷ್ಟು ಸಲ ಅಳೆದಿದ್ದೆನೋ. ಅಷ್ಟು ಹೊತ್ತು ಬಾಯಿ ಮಾಡಿದವಳಿಗೆ ಆಗ ಮಾತೇ ಹೊರಡಲಿಲ್ಲ. ಯೋಚನೆ ಮಾಡ್ತೀನಿ ಎಂದೂ ಅನ್ನಲಿಲ್ಲ.

ಅಕ್ಕನೇ ಬಾಯಿ ಹಾಕಿದಳು. "ಅವಳ ಅಡುಗೆಮನೆ ಮುಟ್ಟಬ್ಯಾಡಿ ಕಣ್ರಪ್ಪ. ಮೆಟ್ಟಿಲ ಕೆಳಗೆ ಜಾಗ ಐತಲ್ಲ, ನಂಗೆ ಸಾಕು" ಎಂದಳು. ವಾಕರ್ ಊರಿಕೊಂಡು ಬಂದು, ಬೇಡ ಬೇಡ ಎಂದರೂ ಕೇಳದೆ, ಮೆಟ್ಟಿಲ ಗೆರೆಯೊಳಗೆ ನೆಲದ ಮೇಲೆ ಮಲಗಿಯೇಬಿಟ್ಟಳು. ಪಾದಗಳು ಗೆರೆಯಾಚೆಗೆ ಬಂದವು. ಮುರಿದ ಸೊಂಟದ ಕಾಲನ್ನು ಎರಡೂ ಕೈಯಲ್ಲಿ ಹಿಡಿದೆಳೆದು ಮಡಚಿಕೊಂಡು ನಕ್ಕಳು. "ನೋಡು, ಹಿಡಿತದೆ." ಎಬ್ಬಿಸಿ ಕೂರಿಸಿದಾಗ ಅವಳ ಬೆನ್ನೆಲ್ಲ ಸುಣ್ಣ. ನಾನು ಸೆರಗಿನಿಂದ ಒರೆಸಿದೆ. ಆಗಲೂ ಬಿಟ್ಟುಕೊಡುತ್ತೇನೆ ಎನ್ನಲಿಲ್ಲ. ಮೇಸ್ತ್ರಿ ಟೇಪು ಸುತ್ತಿಕೊಂಡ.

ಮೋಲ್ಡಿಂಗ್ ಹಾಕಿ ನೀರು ಕಟ್ಟಿದ್ದ ದಿನಗಳಲ್ಲಿ ಅಕ್ಕನಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿ, ಒಂಬತ್ತನೇ ದಿನ ಆ ಪಡಸಾಲೆಯಲ್ಲೇ, ಸೀರೆಯ ಮರೆಯಲ್ಲೇ ಹೋದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಯ ಉದ್ದ ಅಗಲ ಸತ್ತವರ ಪಾದದ ಲೆಕ್ಕದಲ್ಲೇ ತೆಗೆಯಬೇಕು. ನನ್ನ ಗಂಡ ಗರಿಯ ಕಡ್ಡಿಯೊಂದನ್ನು ಅಕ್ಕನ ಪಾದಕ್ಕೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿಗೆ ಸರಿಯಾಗಿ ಮುರಿದರು. ತೋಟದ ಮೂಲೆಯಲ್ಲಿ ಆ ಕಡ್ಡಿಯಿಂದ ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ ಎಂದು ಎಣಿಸಿ ಅಳೆದು ಅಗೆದರು. ಬದುಕಿನಲ್ಲಿ ಮೊದಲ ಸಲ ಅವಳಿಗೆ ಅವಳದೇ ಅಳತೆಯ ಜಾಗ. ಗುಂಡಿಯ ಅಂಚಿನಲ್ಲಿ ನಿಂತು ನೋಡಿದೆ. ಮೆಟ್ಟಿಲ ಕೆಳಗಿನದಕ್ಕಿಂತ ಅದು ದೊಡ್ಡದಾಗಿತ್ತು. ಜಾಸ್ತಿಯಾಯಿತು, ಸ್ವಲ್ಪ ಕಡಿಮೆ ಮಾಡಿ ಎಂದು ಅಲ್ಲಿ ಒಬ್ಬರೂ ಹೇಳಲಿಲ್ಲ. ನಾನು ಎದೆ ಬಡಿದುಕೊಂಡು ಅತ್ತೆ. ಅತ್ತಿಗೆ ನಾದಿನಿ ಹೀಗಿರಬೇಕು ಎಂದು ಊರವರು ಮೆಚ್ಚಿಕೊಂಡರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಈಗ ಹೊಸ ಮನೆಯಲ್ಲಿದ್ದೇವೆ. ಕೊಬ್ಬರಿ ಕೋಣೆಯಲ್ಲಿ ಕಾಯಿ ಚೆನ್ನಾಗಿ ಒಣಗುತ್ತಿವೆ, ಅಕ್ಕ ಹೇಳಿದಂತೆಯೇ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುತ್ತೇವೆ. ನಾನು ಬಿಟ್ಟುಕೊಡದ ಆ ಮೂರಡಿಯಲ್ಲಿ ಫ್ರಿಜ್ ನಿಂತಿದೆ.