ಮಣ್ಣಿಗೆ ಹೋದದ್ದು

ಆಸ್ಟ್ರೇಲಿಯಾದ ಕ್ರೇಗಿಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಇಂಗ್ಲೆಂಡಿನವರು. ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುವರು, ನಾವು ಬೀದಿಯಲ್ಲೇ ಮರೆತ ಕಸದ ಬಿನ್ ಒಳಗೆ ತಂದಿಡುವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿ ಬೆಳೆದ ಮೈಸೂರಿನವಳು ನಾನು. ಇಷ್ಟೊಂದು ಒಳ್ಳೆಯತನದ ಹಿಂದೆ ಏನೋ ಇರಲೇಬೇಕು ಅನ್ನಿಸುತ್ತಿತ್ತು.

ಆಫೀಸಿನ ಕೆಲಸದ ಮೇಲೆ ನಾನು ಇಂಗ್ಲೆಂಡಿಗೆ ಹೊರಟಾಗ ಅದು ಹೊರಬಿತ್ತು. ಒಂದು ಫೋಟೋ, ಒಂದು ಪೊಟ್ಟಣ ಹಿಡಿದು ಬಂದರು. ಫೋಟೋದಲ್ಲಿ ಕಡಲ ಪಕ್ಕದ ದಿಬ್ಬದ ಮೇಲೆ ಮಧ್ಯಯುಗದ ಆಂಗ್ಲಿಕನ್ ಚರ್ಚು, ಅರ್ಧಕ್ಕೆ ಚಾವಣಿಯೇ ಇಲ್ಲ. ಅಮ್ಮನ ಸಮಾಧಿ ಅಲ್ಲಿದೆ, ಕಡಲು ದಿಬ್ಬವನ್ನು ತಿನ್ನುತ್ತಾ ಬರುತ್ತಿದೆ, ಸಮಾಧಿ ನೀರುಪಾಲಾಗುವ ಮುಂಚೆ ಇದನ್ನು ಅದರ ಮೇಲೆ ಹಾಕಿ ಬರುತ್ತೀಯಾ ಎಂದರು. ಏನಿದು ಎಂದೆ.

"ಜಸ್ಟ್ ಎ ಬಿಟ್ ಆಫ್ ಮೈ ಗಾರ್ಡನ್, ಡಿಯರ್."

ಆ 'ಜಸ್ಟ್' ನನಗೆ ಹಿಡಿಸಲಿಲ್ಲ. ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ರಾಗಿಹಿಟ್ಟಿನಷ್ಟು ನುಣ್ಣನೆಯ ಕಂದು ಪುಡಿ.

"ಮಣ್ಣನ್ನ ಯಾರಾದ್ರೂ ಜರಡಿ ಹಿಡೀತಾರೇನೇ?" ಎಂದರು ನನ್ನ ಗಂಡ. "ಏರ್‌ಪೋರ್ಟಲ್ಲಿ ಸಿಕ್ಕಾಕೊಂಡ್ರೆ ಇಲ್ಲೇ ಇರೋಕೆ ಸಿಕ್ಕಿರೋ ನಮ್ಮ ಪಿಆರ್ ಗೋವಿಂದ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಏರ್‌ಪೋರ್ಟಿನ ಬಾಗಿಲಲ್ಲೇ ಸುತ್ತ ನೋಡಿ, ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದೆ. ಹಾಯೆನಿಸಿತು.

ಆದರೂ ಆ ಸಮಾಧಿ ನಿಜವಾಗಿ ಇದೆಯೋ ಇಲ್ಲವೋ ನೋಡಿಯೇಬಿಡೋಣ ಎಂದು ರಜೆಯ ದಿನ ರೈಲು, ಬಸ್ಸು ಹಿಡಿದು ಹೋದೆ. ಚರ್ಚಿನ ಗೋಪುರದ ಕಡೆ ಇನ್ನೂ ಪೂಜೆ ನಡೆಯುತ್ತದಂತೆ. ಉಳಿದರ್ಧ ಬರಿಯ ಗೋಡೆ, ಒಳಗೆ ಹುಲ್ಲು. ಬೀಗದ ಕೈ ಇಟ್ಟುಕೊಂಡಿದ್ದ ಮುದುಕಿಗೆ ಆಂಟಿಯ ಅಮ್ಮನ ಹೆಸರು ಹೇಳಿದೆ. ಸಮಾಧಿ ಇತ್ತು. ಅದರಾಚೆಗಿನ ಸಾಲುಗಳು ಆಗಲೇ ಕಡಲಿಗೆ ಹೋಗಿದ್ದವು.

"ಮಗಳು ಆಸ್ಟ್ರೇಲಿಯಾದಲ್ಲಿ ಇದಾಳೆ, ಪಾಪ," ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದಳು. "ಕೋವಿಡ್ ಸಮಯ, ಬಾರ್ಡರ್ ಮುಚ್ಚಿತ್ತು. ಅಮ್ಮನನ್ನು ಹೂಳುವುದನ್ನು ಫೋನಿನಲ್ಲೇ ನೋಡಿದಳು. ನನ್ನ ಪರವಾಗಿ ಯಾರಾದರೂ ಒಂದು ಹಿಡಿ ಮಣ್ಣು ಹಾಕಿ ಅಂತ ಬೇಡಿಕೊಂಡಳು. ಮಳೆ ಬಂತು, ಎಲ್ಲರೂ ಓಡಿದೆವು. ಯಾರೂ ಹಾಕಲಿಲ್ಲ."

ನಮ್ಮ ಕಡೆ ಸಾವಿಗೆ ಹೋಗುವುದನ್ನು 'ಮಣ್ಣಿಗೆ ಹೋಗುವುದು' ಎನ್ನುತ್ತೇವೆ. ಹುಟ್ಟಿದಾಗಿನಿಂದ ಆಡಿದ ಮಾತು. ಆ ಆಂಟಿ ಅಮ್ಮನ ಮಣ್ಣಿಗೆ ಹೋಗಲಾಗದೆ ಮಣ್ಣನ್ನೇ ಕಳಿಸಿದ್ದರು, ಕಲ್ಲುಕಡ್ಡಿ ಅಮ್ಮನಿಗೆ ಒತ್ತದಿರಲೆಂದು ಜರಡಿ ಹಿಡಿದು. ನನಗೆ ಅದು ಮಾದಕವಸ್ತುವಾಗಿ ಕಂಡಿತ್ತು! ನಾಚಿಕೆಯಿಂದ ಭೂಮಿಗಿಳಿದುಹೋದೆ. ಅಲ್ಲಿನದೇ ಮಣ್ಣನ್ನು ಹಿಡಿ ತುಂಬ ತೆಗೆದು ಹಾಕಿದೆ. ಅದು ಮಗಳ ಮಣ್ಣಲ್ಲ ಎಂದು ನನಗೆ ಗೊತ್ತಿತ್ತು.

ವಾಪಸು ಬಂದಾಗ ಆಂಟಿ ಬೇಲಿಯ ಹತ್ತಿರವೇ ನಿಂತಿದ್ದರು. ಹಾಕಿದೆಯಾ ಎಂದರು.

"ಹಾಕಿದೆ, ಆಂಟಿ."

"ಎಲ್ಲವನ್ನೂ?"

ಅವರಿಗೂ ನನ್ನ ಮೇಲೆ ಅನುಮಾನವೇ ಎಂದು ಕಣ್ಣು ನೋಡಿದೆ. ಇರಲಿಲ್ಲ.

"ಎಲ್ಲವನ್ನೂ."

ಅವರು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟರು. ಪೊಟ್ಟಣವನ್ನು ಬುಟ್ಟಿಗೆ ಎಸೆದದ್ದೂ ಅದೇ ಕೈ.